ಆಕಾರವಿಲ್ಲದ ಆರೋಪಕ್ಕೆ ಉತ್ತರವಿಲ್ಲ

2016ರ ಜೂನ್ ತಿಂಗಳಲ್ಲಿ ದಕ್ಷಿಣ ಕೊರಿಯಾದ 17 ವರ್ಷದ ಹುಡುಗಿಯೊಬ್ಬಳು ತನ್ನ ಕೈಯ ಮೇಲೆ ಕ್ಯಾಮೆರಾ ಇಡಿಸಿಕೊಂಡು, ನೇರಪ್ರಸಾರದಲ್ಲಿ ಆಡಿ ತೋರಿಸಬೇಕಾಯಿತು. ‘ಓವರ್‌ವಾಚ್’ ಎಂಬ, ಗುರಿಯಿಟ್ಟು ಹೊಡೆಯುವ ಆನ್‌ಲೈನ್ ಆಟದಲ್ಲಿ ‘ಗೆಗುರಿ’ ಎಂಬ ಹೆಸರಿನಿಂದ ಆಡುತ್ತಿದ್ದ ಅವಳ ಗುರಿ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಎದುರಾಳಿ ತಂಡದ ವೃತ್ತಿಪರ ಆಟಗಾರರು ಅದನ್ನು ನಂಬಲಿಲ್ಲ. ಅವಳು ‘ಏಮ್‌ಬಾಟ್’ ಬಳಸುತ್ತಿದ್ದಾಳೆ, ಅಂದರೆ ಮೌಸನ್ನು ತಾನೇ ಗುರಿಯತ್ತ ಎಳೆದೊಯ್ಯುವ ಕಳ್ಳ ತಂತ್ರಾಂಶ ಹಾಕಿಕೊಂಡಿದ್ದಾಳೆ ಎಂದು ದೂರಿದರು. ನಮ್ಮ ಮಾತು ಸುಳ್ಳಾದರೆ ಆಟವನ್ನೇ ಬಿಡುತ್ತೇವೆ ಎಂದೂ ಹೇಳಿದರು. ಆಟದ ಕಂಪನಿ ಪರಿಶೀಲಿಸಿ, ಮೋಸ ನಡೆದಿಲ್ಲ ಎಂದಿತು. ಅಷ್ಟಕ್ಕೂ ಗುಸುಗುಸು ನಿಲ್ಲದಿದ್ದಾಗ ಅವಳು ಎಲ್ಲರ ಕಣ್ಣೆದುರು ಕೂತು ಆಡಿದಳು. ಪರದೆಯ ಮೇಲಿನ ಚುರುಕು ಅವಳ ಕೈಯದೇ ಎಂಬುದು ಎಲ್ಲರಿಗೂ ಕಂಡಿತು. ದೂರಿದವರು ಹಿಂದೆ ಸರಿದರು. ಎರಡು ವರ್ಷಗಳ ನಂತರ, 2018ರಲ್ಲಿ, ಗೆಗುರಿ ಓವರ್‌ವಾಚ್ ಲೀಗ್‌ನಲ್ಲಿ ಆಡಿದ ಮೊದಲ ಮಹಿಳೆಯಾದಳು.

ಧೈರ್ಯವಂತೆಯೊಬ್ಬಳ ಗೆಲುವು ಎಂದು ಈ ಕತೆಯನ್ನು ಮೆಚ್ಚಿ ಮುಗಿಸಿಬಿಡಬಹುದು. ಆದರೆ ಅವಳು ಗೆದ್ದದ್ದು ಧೈರ್ಯದಿಂದ ಮಾತ್ರವಲ್ಲ. ಅವಳ ಮೇಲಿನ ಆರೋಪಕ್ಕೆ ಒಂದು ಆಕಾರವಿತ್ತು. ಯಾವ ಆಟ, ಯಾವ ಸಾಧನ, ಯಾವ ಬಗೆಯ ಮೋಸ ಎಂಬುದು ಸ್ಪಷ್ಟವಿತ್ತು. ಹಾಗಾಗಿ ಅದನ್ನು ಸುಳ್ಳೆಂದು ತೋರಿಸುವ ಪರೀಕ್ಷೆಯೂ ಸಾಧ್ಯವಾಯಿತು. ಆನ್‌ಲೈನ್ ಆಟಗಳಲ್ಲಿ ಇಂದು ಕೇಳಿಬರುವ ಬಹುಪಾಲು ಆರೋಪಗಳಿಗೆ ಈ ಆಕಾರವೇ ಇರುವುದಿಲ್ಲ. ‘ಏನೋ ಸರಿಯಿಲ್ಲ’, ‘ಲೆಕ್ಕ ತಾಳೆಯಾಗುತ್ತಿಲ್ಲ’ ಎಂಬ ಮಾತು ಗಾಳಿಯಲ್ಲಿ ತೇಲುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಹೆಗಲು ಮುಟ್ಟಿಕೊಂಡವನೂ ಕಳ್ಳ, ಮುಟ್ಟಿಕೊಳ್ಳದವನೂ ಕಳ್ಳ. ವಿವರಣೆ ಕೊಟ್ಟರೆ ಅಳುಕು ಎನ್ನುತ್ತಾರೆ, ಸುಮ್ಮನಿದ್ದರೆ ಒಪ್ಪಿಗೆ ಎನ್ನುತ್ತಾರೆ. ಹೀಗಾಗಿ ‘ಮೋಸ ಮಾಡಿಲ್ಲ ಎಂದು ಸಾಬೀತು ಮಾಡುವುದು ಹೇಗೆ’ ಎಂಬ ಪ್ರಶ್ನೆಗೆ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಬೇಕು: ಯಾವ ಮೋಸವನ್ನು? ಅದನ್ನು ಹೇಳುವ ಹೊಣೆ ಆರೋಪಿಸುವವರದು. ಅದನ್ನು ಹೇಳದ ಹೊರತು ಆಟಗಾರನಿಂದ ಸಾಬೀತು ಕೇಳುವ ಹಕ್ಕು ಯಾರಿಗೂ ಇಲ್ಲ ಎಂಬುದು ನನ್ನ ವಾದ.

ಹಾಗೆಂದು ಅನುಮಾನ ಪಡುವವರೆಲ್ಲ ಕೆಟ್ಟವರಲ್ಲ. ಅನುಮಾನಕ್ಕೆ ಗಟ್ಟಿ ಕಾರಣಗಳಿವೆ. ಇಂದು ಸಾಧಾರಣ ಮೊಬೈಲ್‌ನಲ್ಲಿ ಓಡುವ ಚೆಸ್ ಎಂಜಿನ್ ವಿಶ್ವ ಚಾಂಪಿಯನ್ನನ್ನೂ ಸೋಲಿಸಬಲ್ಲದು. ಎದುರಾಳಿಯ ಮನೆಯ ಮೇಜಿನ ಮೇಲೆ ಏನಿದೆ ಎಂಬುದು ನಮಗೆ ಕಾಣುವುದಿಲ್ಲ. 2021ರ ಜೂನ್‌ನಲ್ಲಿ ಕೋವಿಡ್ ಪರಿಹಾರ ನಿಧಿಗಾಗಿ ವಿಶ್ವನಾಥನ್ ಆನಂದ್ ಹಲವು ಗಣ್ಯರೊಡನೆ ಆನ್‌ಲೈನ್‌ನಲ್ಲಿ ಆಡಿದಾಗ, ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್, ಆನಂದ್ ಅವರನ್ನು ಸೋಲಿಸಿ ಅಚ್ಚರಿ ಹುಟ್ಟಿಸಿದರು. ಕಂಪ್ಯೂಟರ್ ಮತ್ತು ಬೇರೆಯವರ ನೆರವು ಪಡೆದಿದ್ದೆ ಎಂದು ಮರುದಿನವೇ ಒಪ್ಪಿಕೊಂಡು ಕ್ಷಮೆ ಕೇಳಿದರು. 2018ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ‘ಕೌಂಟರ್ ಸ್ಟ್ರೈಕ್’ ಎಂಬ ಕಂಪ್ಯೂಟರ್ ಆಟದ ಪಂದ್ಯಾವಳಿಯಲ್ಲಿ ಭಾರತೀಯ ತಂಡವೊಂದರ ಆಟಗಾರ ವೇದಿಕೆಯ ಕಂಪ್ಯೂಟರ್‌ನಲ್ಲೇ ಕಳ್ಳ ತಂತ್ರಾಂಶ ಓಡಿಸಿ ಸಿಕ್ಕಿಬಿದ್ದ. ಪಂದ್ಯದ ನಡುವೆಯೇ ಅಧಿಕಾರಿಗಳು ಬಂದು ಅವನ ಕಂಪ್ಯೂಟರ್ ತಪಾಸಿಸಿದರು, ಇಡೀ ತಂಡ ಪಂದ್ಯಾವಳಿಯಿಂದ ಹೊರಬಿತ್ತು. ಮೋಸ ನಿಜ, ಅದರಿಂದ ನಷ್ಟವಾಗುವುದು ಪ್ರಾಮಾಣಿಕರಿಗೇ. ಆದರೆ ಈ ಎರಡೂ ಪ್ರಕರಣಗಳು ಬಗೆಹರಿದದ್ದು ಒಂದು ನಿರ್ದಿಷ್ಟ ಆಟ ಮತ್ತು ಒಂದು ನಿರ್ದಿಷ್ಟ ಸಾಧನದ ಮೇಲೆ ಬೆರಳಿಡಲು ಸಾಧ್ಯವಾದ್ದರಿಂದ.

ಬೆರಳಿಡದೆ ಆರೋಪಿಸಿದಾಗ ಏನಾಗುತ್ತದೆ ಎಂಬುದಕ್ಕೆ 2022ರ ಸೆಪ್ಟೆಂಬರ್‌ನ ಘಟನೆ ಸಾಕ್ಷಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆದ ಸಿಂಕ್‌ಫೀಲ್ಡ್ ಕಪ್‌ನಲ್ಲಿ 19 ವರ್ಷದ ಚೆಸ್ ಆಟಗಾರ ಹಾನ್ಸ್ ನೀಮನ್, ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್‌ರನ್ನು ಸೋಲಿಸಿದರು. ಮರುದಿನ ಕಾರ್ಲ್‌ಸನ್ ಕಾರಣ ಹೇಳದೆ ಪಂದ್ಯಾವಳಿಯಿಂದ ಹೊರನಡೆದರು. ಮೋಸ ಎಂಬ ಪದ ಅವರ ಬಾಯಿಂದ ಬರುವ ಮೊದಲೇ ಜಗತ್ತು ಅದನ್ನು ಕೇಳಿಸಿಕೊಂಡಿತ್ತು. ನೀಮನ್ 12 ಮತ್ತು 16ನೇ ವಯಸ್ಸಿನಲ್ಲಿ ಆನ್‌ಲೈನ್‌ನಲ್ಲಿ ಮೋಸ ಮಾಡಿದ್ದನ್ನು ಒಪ್ಪಿಕೊಂಡರು, ಎದುರು ಕೂತು ಆಡುವ ಪಂದ್ಯದಲ್ಲಿ ಎಂದೂ ಮಾಡಿಲ್ಲ ಎಂದರು. ಬೇಕಾದರೆ ಬಟ್ಟೆ ಕಳಚಿ ಆಡಲೂ ಸಿದ್ಧ ಎಂದರು. ಆಕಾರವಿಲ್ಲದ ಆರೋಪ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂಬುದನ್ನು ಈ ಒಂದು ಮಾತೇ ಹೇಳುತ್ತದೆ. ಅಕ್ಟೋಬರ್‌ನಲ್ಲಿ ಚೆಸ್.ಕಾಮ್ ಸಂಸ್ಥೆ 72 ಪುಟಗಳ ವರದಿ ಹೊರತಂದು, ಅವರು ನೂರಕ್ಕೂ ಹೆಚ್ಚು ಆನ್‌ಲೈನ್ ಆಟಗಳಲ್ಲಿ ಮೋಸ ಮಾಡಿರುವ ಸಾಧ್ಯತೆ ಇದೆ ಎಂದಿತು. ಎದುರಾಬದುರು ಪಂದ್ಯಗಳ ಬಗ್ಗೆ ಮಾತ್ರ ನೇರ ಪುರಾವೆ ಇಲ್ಲ ಎಂದಿತು. ನೀಮನ್ 10 ಕೋಟಿ ಡಾಲರ್ ಪರಿಹಾರ ಕೇಳಿ ಹೂಡಿದ ಮೊಕದ್ದಮೆ 2023ರ ಜೂನ್‌ನಲ್ಲಿ ವಜಾ ಆಯಿತು, ಆಗಸ್ಟ್‌ನಲ್ಲಿ ಎಲ್ಲರೂ ರಾಜಿಯಾದರು. ಸೇಂಟ್ ಲೂಯಿಸ್‌ನ ಆ ಆಟದಲ್ಲಿ ಮೋಸ ನಡೆದಿತ್ತು ಎನ್ನಲು ನಿರ್ಣಾಯಕ ಪುರಾವೆ ಆ ವರದಿಯಲ್ಲಿಲ್ಲ ಎಂದು ಕಾರ್ಲ್‌ಸನ್ ಒಪ್ಪಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ, ಸಕಾರಣವಿಲ್ಲದೆ ಪಂದ್ಯಾವಳಿ ಬಿಟ್ಟದ್ದಕ್ಕಾಗಿ ಅವರಿಗೆ 10,000 ಯೂರೊ ದಂಡ ವಿಧಿಸಿತು. ಒಂದು ವರ್ಷಕ್ಕೂ ಮಿಕ್ಕಿ ನಡೆದ ಈ ಗದ್ದಲದಲ್ಲಿ ‘ಆ ಪಂದ್ಯದಲ್ಲಿ, ಆ ನಡೆಗೆ, ಈ ರೀತಿ ನೆರವು ಸಿಕ್ಕಿತು’ ಎಂದು ಯಾರೂ ಹೇಳಲೇ ಇಲ್ಲ.

ಆಕಾರವಿಲ್ಲದ ಅನುಮಾನಕ್ಕೆ ಗಾಂಭೀರ್ಯದ ಮುಖ ತೊಡಿಸಲು ಹಲವರು ಅಂಕಿಅಂಶಗಳ ಮೊರೆ ಹೋಗುತ್ತಾರೆ. 2023ರಲ್ಲಿ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಕಮುರಾ ಆನ್‌ಲೈನ್ ಬ್ಲಿಟ್ಜ್, ಅಂದರೆ ಅತಿ ವೇಗದ ಚೆಸ್‌ನ ಸತತ 46 ಆಟಗಳಲ್ಲಿ 45.5 ಅಂಕ ಗಳಿಸಿದಾಗ, ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಇದು ಸಹಜವಲ್ಲ ಎಂಬ ಅರ್ಥದ ಮಾತುಗಳನ್ನಾಡಿದರು. ಕೇಳಲು ಬೆರಗಿನ ಸಂಖ್ಯೆಯೇ. ಆದರೆ ನಕಮುರಾ ಚೆಸ್.ಕಾಮ್ ತಾಣದಲ್ಲಿ ಆಡಿರುವುದು ಹತ್ತಾರು ಸಾವಿರ ಆಟಗಳನ್ನು, ಅದೂ ಬಹುಪಾಲು ತನಗಿಂತ ಬಹಳ ಕೆಳಗಿನ ರೇಟಿಂಗ್‌ನವರೊಡನೆ. ಎಕರೆಗಟ್ಟಲೆ ರಾಗಿ ಹೊಲ ಸುತ್ತಿ, ಎಲ್ಲಕ್ಕಿಂತ ದಪ್ಪನೆಯ ತೆನೆಯೊಂದನ್ನು ಕಿತ್ತು ತಂದು, ಇಷ್ಟು ದಪ್ಪ ತೆನೆ ಬಿಡುವುದು ಲಕ್ಷಕ್ಕೊಂದು, ಇದರಲ್ಲಿ ಏನೋ ಕೈವಾಡವಿದೆ ಎಂದರೆ ಹೇಗೆ? ಹೊಲದಲ್ಲಿ ಲಕ್ಷಗಟ್ಟಲೆ ತೆನೆಗಳಿರುವಾಗ ಅಂಥದೊಂದು ಇದ್ದೇ ಇರುತ್ತದೆ. ಇದೇ ತಪ್ಪು ನ್ಯಾಯಾಲಯಗಳಲ್ಲೂ ನಡೆದಿದೆ. ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಎಂಬ ತಾಯಿಯ ಎರಡು ಹಸುಗೂಸುಗಳು ತೀರಿಕೊಂಡಾಗ, ಅಂಥ ಎರಡು ಸಹಜ ಸಾವುಗಳು ಒಂದೇ ಮನೆಯಲ್ಲಿ ಸಂಭವಿಸುವುದು 7.3 ಕೋಟಿಗೆ ಒಂದು ಎಂದು ವೈದ್ಯರೊಬ್ಬರು ಸಾಕ್ಷ್ಯ ನುಡಿದರು. 1999ರಲ್ಲಿ ಕೊಲೆ ಆರೋಪದ ಮೇಲೆ ಆಕೆಗೆ ಶಿಕ್ಷೆಯಾಯಿತು, 2003ರಲ್ಲಿ ಆ ತೀರ್ಪು ರದ್ದಾಯಿತು. ಒಂದು ಘಟನೆ ಅಪರೂಪ ಎಂಬ ಮಾತು ಅದು ಅಪರಾಧ ಎಂಬುದಕ್ಕೆ ಪುರಾವೆಯಲ್ಲ. ಅಪರಾಧವೂ ಅಷ್ಟೇ ಅಪರೂಪವಾಗಿರಬಹುದು ಎಂಬುದನ್ನು ಜತೆಗಿಟ್ಟು ತೂಗಬೇಕು.

ಹಾಗಾದರೆ ಅಂಕಿಅಂಶಗಳಿಗೆ ಬೆಲೆಯೇ ಇಲ್ಲವೇ? ಇದೆ, ನಿಯಮಬದ್ಧವಾಗಿ ಬಳಸಿದರೆ. ಮೈನ್‌ಕ್ರಾಫ್ಟ್ ಆಟವನ್ನು ಅತಿ ಬೇಗ ಮುಗಿಸುವ ಸ್ಪರ್ಧೆಯಲ್ಲಿ ‘ಡ್ರೀಮ್’ ಎಂಬ ಹೆಸರಿನ ಪ್ರಸಿದ್ಧ ಆಟಗಾರನ ಮೇಲೆ 2020ರಲ್ಲಿ ಅನುಮಾನ ಬಂತು. ನಿರ್ವಾಹಕರು ಆರು ನೇರಪ್ರಸಾರಗಳ ದೃಶ್ಯಗಳನ್ನು ಕೂತು ಎಣಿಸಿದರು. ನೂರಕ್ಕೆ ಐದಕ್ಕಿಂತ ಕಡಿಮೆ ಬಾರಿ ಸಿಗಬೇಕಾದ ವಸ್ತು 262 ವಿನಿಮಯಗಳಲ್ಲಿ 42 ಬಾರಿ ಸಿಕ್ಕಿತ್ತು, ಎರಡಕ್ಕೊಮ್ಮೆ ಸಿಗಬೇಕಾದ ಇನ್ನೊಂದು 305ರಲ್ಲಿ 211 ಬಾರಿ ಸಿಕ್ಕಿತ್ತು. ಅಪರೂಪದ ತೆನೆಯನ್ನಷ್ಟೇ ಆರಿಸಿ ತಂದ ದೋಷ ತಮ್ಮ ಲೆಕ್ಕಕ್ಕೆ ತಗಲಬಾರದೆಂದು, ಸಂಖ್ಯೆಯನ್ನು ಆಟಗಾರನಿಗೆ ಅನುಕೂಲವಾಗುವಂತೆ ತಿದ್ದಿದರು. ಆಮೇಲೂ ಉಳಿದ ಸಾಧ್ಯತೆ 7.5 ಲಕ್ಷ ಕೋಟಿಗೆ ಒಂದು. ದತ್ತಾಂಶ, ಲೆಕ್ಕದ ದಾರಿ ಎರಡನ್ನೂ ಬಹಿರಂಗವಾಗಿ ಪ್ರಕಟಿಸಿದರು. ಆಟಗಾರ ತಜ್ಞರೊಬ್ಬರಿಂದ ಪ್ರತಿವಾದ ಬರೆಸಿದ, ಅದೂ ಚರ್ಚೆಯಾಯಿತು. 2021ರ ಮೇನಲ್ಲಿ, ಆಟದ ಅದೃಷ್ಟವನ್ನು ಬದಲಿಸುವ ತಂತ್ರಾಂಶ ತನ್ನ ಕಂಪ್ಯೂಟರ್‌ನಲ್ಲಿ ಇತ್ತು, ಉದ್ದೇಶಪೂರ್ವಕವಲ್ಲ ಎಂದು ಅವನೇ ಒಪ್ಪಿಕೊಂಡ. ಗೆಗುರಿಯನ್ನು ಪಾರುಮಾಡಿದ ಸ್ಪಷ್ಟತೆಯೇ ಇಲ್ಲಿ ತಪ್ಪನ್ನು ಹಿಡಿದುಕೊಟ್ಟಿತು. ಆಕಾರವಿರುವ ಆರೋಪ ನಿರಪರಾಧಿಯನ್ನು ಕಾಯುತ್ತದೆ, ಅಪರಾಧಿಯನ್ನೂ ಹಿಡಿಯುತ್ತದೆ. ಆಕಾರವಿಲ್ಲದ್ದು ಎರಡನ್ನೂ ಮಾಡಲಾರದು.

ಮನುಷ್ಯರ ಅನುಮಾನ ಬೇಡ, ಯಂತ್ರವೇ ತೀರ್ಮಾನಿಸಲಿ ಎನ್ನುವವರಿದ್ದಾರೆ. ಯಂತ್ರಕ್ಕೆ ದ್ವೇಷವಿಲ್ಲ, ನಿಜ. ತಪ್ಪಂತೂ ಇದೆ. 2010ರ ಜುಲೈನಲ್ಲಿ ವಾಲ್ವ್ ಕಂಪನಿಯ ಮೋಸಪತ್ತೆ ತಂತ್ರಾಂಶ ‘ಮಾಡರ್ನ್ ವಾರ್‌ಫೇರ್ 2’ ಆಡುತ್ತಿದ್ದ ಸುಮಾರು 12,000 ಪ್ರಾಮಾಣಿಕರನ್ನು ಮೋಸಗಾರರೆಂದು ಬ್ಯಾನ್ ಮಾಡಿತು. ಕಂಪನಿ ಬ್ಯಾನ್ ಹಿಂತೆಗೆದು, ಕ್ಷಮೆ ಕೇಳಿ, ಪರಿಹಾರವಾಗಿ ಇನ್ನೊಂದು ಆಟವನ್ನು ಉಚಿತವಾಗಿ ಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ಎಎಂಡಿ ಕಂಪನಿಯ ಗ್ರಾಫಿಕ್ಸ್ ಡ್ರೈವರ್‌ನಲ್ಲಿದ್ದ ಹೊಸ ಸೌಲಭ್ಯವೊಂದನ್ನು ಚಾಲೂ ಮಾಡಿದ್ದಷ್ಟಕ್ಕೇ ಕೌಂಟರ್ ಸ್ಟ್ರೈಕ್ 2 ಆಟಗಾರರು ಬ್ಯಾನ್ ಆದರು. ಒಂದು ಲೆಕ್ಕವನ್ನು ಊಹಿಸಿಕೊಳ್ಳಿ. ಒಂದು ಲಕ್ಷ ಆಟಗಾರರಲ್ಲಿ 1,000 ಮಂದಿ ಮೋಸಗಾರರು. ಪತ್ತೆಯಂತ್ರ ಅವರೆಲ್ಲರನ್ನೂ ಹಿಡಿಯುತ್ತದೆ, ಸಾವಿರ ಪ್ರಾಮಾಣಿಕರಲ್ಲಿ ಒಬ್ಬರ ವಿಷಯದಲ್ಲಿ ಮಾತ್ರ ಎಡವುತ್ತದೆ. ಇಷ್ಟು ಒಳ್ಳೆಯ ಯಂತ್ರವೂ 99 ನಿರಪರಾಧಿಗಳ ಮೇಲೆ ಮುದ್ರೆ ಒತ್ತುತ್ತದೆ. ಸಿಕ್ಕಿಬಿದ್ದ 1,099 ಮಂದಿಯಲ್ಲಿ ಹನ್ನೊಂದಕ್ಕೊಬ್ಬರು ಏನೂ ಮಾಡದವರು. ಯಂತ್ರದ ತೀರ್ಪನ್ನು ಮನುಷ್ಯರು ಮತ್ತೆ ನೋಡುವ ಮೇಲ್ಮನವಿಯ ದಾರಿ ಏಕೆ ಬೇಕೆಂಬುದನ್ನು ಆ 99 ಮಂದಿಯ ಜಾಗದಲ್ಲಿ ನಿಂತು ಯೋಚಿಸಬೇಕು.

ಆರೋಪವನ್ನು ಸ್ಪಷ್ಟವಾಗಿ ಹೇಳಬೇಕೆಂಬ ವಾದಕ್ಕೆ ಬರುವ ಬಲವಾದ ಆಕ್ಷೇಪ, ಪತ್ತೆಹಚ್ಚುವ ವಿಧಾನವನ್ನು ಬಿಚ್ಚಿಟ್ಟರೆ ಮೋಸಗಾರರು ಅದನ್ನೇ ಕಲಿತು ತಪ್ಪಿಸಿಕೊಳ್ಳುತ್ತಾರೆ ಎಂಬುದು. ಇದು ತಳ್ಳಿಹಾಕುವ ಮಾತಲ್ಲ. ಆದರೆ ವಿಧಾನ ಬೇರೆ, ಆರೋಪ ಬೇರೆ. ಬಲೆಯನ್ನು ಹೇಗೆ ಹೆಣೆದಿದೆ ಎಂದು ಹೇಳಬೇಕಿಲ್ಲ, ಯಾವ ದಿನದ ಯಾವ ಆಟದಲ್ಲಿ ಯಾವ ಬಗೆಯ ನೆರವು ಪಡೆದ ಅನುಮಾನ ಎಂದು ಹೇಳಿದರೆ ಸಾಕು. ಅಷ್ಟು ಗೊತ್ತಾದರೆ ಆಟಗಾರ ಆ ದಿನದ ದಾಖಲೆ ಹುಡುಕಬಲ್ಲ, ತನ್ನ ನಡೆಗಳ ಹಿಂದಿನ ಯೋಚನೆ ವಿವರಿಸಬಲ್ಲ. ಗುಟ್ಟಾಗಿ ಉಳಿಯಲೇಬೇಕಾದ ಭಾಗವನ್ನು ಕಂಪನಿಗೆ ಸೇರದ ತಜ್ಞರೊಬ್ಬರು ನೋಡಲಿ. ಇನ್ನೊಂದು ಆಕ್ಷೇಪವೂ ಇದೆ. ಇದು ನ್ಯಾಯಾಲಯವಲ್ಲ, ಖಾತೆ ಮುಚ್ಚುವುದು ಜೈಲಲ್ಲ, ಆಟಕ್ಕೆ ಇಷ್ಟೊಂದು ನ್ಯಾಯಶಾಸ್ತ್ರ ಏಕೆ ಎನ್ನುತ್ತಾರೆ. ಬಹುಮಾನ, ತಂಡದ ಒಪ್ಪಂದ, ಪಾಠ ಹೇಳುವ ಕೆಲಸ, ಎಲ್ಲವೂ ಒಂದು ಖಾತೆಯ ಹೆಸರಿನ ಮೇಲೆ ನಿಂತಿರುವ ಕಾಲ ಇದು. ಅದಕ್ಕಿಂತ ದೊಡ್ಡದು ಮರ್ಯಾದೆ. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನರೊಡಿಟ್ಸ್ಕಿ, ಲಕ್ಷಾಂತರ ಜನರಿಗೆ ಚೆಸ್ ಕಲಿಸಿದ ಪ್ರೀತಿಯ ಮೇಷ್ಟ್ರು, ಸುಮಾರು ಒಂದು ವರ್ಷ ಕ್ರಾಮ್ನಿಕ್ ಅವರ ಬಹಿರಂಗ ಅನುಮಾನವನ್ನು ಹೊತ್ತು ನಡೆದರು. ಅವರ ಮೇಲಿನ ಯಾವ ಆರೋಪವೂ ರುಜುವಾತಾಗಲಿಲ್ಲ. 2025ರ ಅಕ್ಟೋಬರ್‌ನಲ್ಲಿ, 29ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಸಾವಿಗೂ ಆರೋಪಕ್ಕೂ ಗಂಟು ಹಾಕುವ ಅಧಿಕಾರ ನನಗಿಲ್ಲ. ಆದರೆ ತಾನು ಚೆನ್ನಾಗಿ ಆಡತೊಡಗಿದರೆ ಜನ ಕೆಟ್ಟದ್ದನ್ನೇ ಊಹಿಸುತ್ತಾರೆ ಎಂಬ ಅಳಲನ್ನು ಅವರು ತಮ್ಮ ಕೊನೆಯ ನೇರಪ್ರಸಾರದಲ್ಲಿ ಹೇಳಿಕೊಂಡಿದ್ದರು. ಚೆನ್ನಾಗಿ ಆಡಲು ಹೆದರುವಂತಾದ ಮೇಲೆ ಆಟಗಾರನಿಗೆ ಉಳಿಯುವುದಾದರೂ ಏನು?

ಆರೋಪಿಸುವವರ ಹೊಣೆ ಹೆಚ್ಚು ಎಂದಾಕ್ಷಣ ಆಟಗಾರ ಕೈಕಟ್ಟಿ ಕೂರಬೇಕೆಂದಲ್ಲ. ಹಣ ಅಥವಾ ಹೆಸರು ಪಣಕ್ಕಿರುವ ಆಟಗಳಲ್ಲಿ ಪರದೆಯ ಚಿತ್ರಣ, ಕೈ ಮತ್ತು ಮೇಜು ಕಾಣುವ ಎರಡನೇ ಕ್ಯಾಮೆರಾದ ಚಿತ್ರಣ ಎರಡನ್ನೂ ಉಳಿಸಿಕೊಳ್ಳುವುದು ಜಾಣತನ. ಆಟವೇ ಕೊಡುವ ರೀಪ್ಲೇ ಕಡತವನ್ನು ಅಳಿಸಬಾರದು. ಕಂಪ್ಯೂಟರ್‌ನಲ್ಲಿ ಯಾವ ತಂತ್ರಾಂಶಗಳಿವೆ ಎಂಬ ಅರಿವಿರಬೇಕು, ಆಟದ ವೇಳೆ ಬೇಡದವನ್ನು ಮುಚ್ಚಬೇಕು. ದೂರು ಬಂದಾಗ ಸಿಟ್ಟಿನ ವಿಡಿಯೊಗಿಂತ ಮೊದಲು ಲಿಖಿತ ಪ್ರಶ್ನೆ ಹೋಗಬೇಕು: ಯಾವ ಆಟ, ಯಾವ ಕ್ಷಣ, ಯಾವ ನೆರವು, ಏನು ತೋರಿಸಿದರೆ ನಿಮಗೆ ಒಪ್ಪಿಗೆ? ಈ ಕೊನೆಯ ಪ್ರಶ್ನೆಯೇ ಒರೆಗಲ್ಲು. ‘ಏನು ತೋರಿಸಿದರೂ ಒಪ್ಪುವುದಿಲ್ಲ’ ಎನ್ನುವವರು ಹುಡುಕುತ್ತಿರುವುದು ಸತ್ಯವನ್ನಲ್ಲ. ಪಂದ್ಯಾವಳಿ ನಡೆಸುವವರು ದೂರಿಗೆ ಗುಟ್ಟಾದ ದಾರಿ ಇಡಲಿ, ತನಿಖೆ ಮುಗಿಯುವ ತನಕ ಹೆಸರು ಹೊರಬಾರದಿರಲಿ, ಬುಡವಿಲ್ಲದ ದೂರನ್ನು ಊರೆಲ್ಲ ಸಾರಿದವರಿಗೂ ಶಿಕ್ಷೆ ಇರಲಿ.

ಇದು ಒಳ್ಳೆಯವರು ಕೆಟ್ಟವರು ಎಂಬ ಪ್ರಶ್ನೆಯಲ್ಲ. 2006ರಲ್ಲಿ ಎಲಿಸ್ಟಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕ್ರಾಮ್ನಿಕ್ ಪದೇ ಪದೇ ಶೌಚಾಲಯಕ್ಕೆ ಹೋಗುತ್ತಾರೆ ಎಂದು ಎದುರಾಳಿ ವೆಸೆಲಿನ್ ಟೊಪಲೊವ್ ಕಡೆಯವರು ಅನುಮಾನ ಎಬ್ಬಿಸಿದ್ದರು. ಶೌಚಾಲಯಕ್ಕೆ ಬೀಗ ಬಿತ್ತು, ಪ್ರತಿಭಟಿಸಿ ಆಡಲು ಒಪ್ಪದ ಕ್ರಾಮ್ನಿಕ್ ಐದನೇ ಪಂದ್ಯವನ್ನು ಆಡದೆಯೇ ಕಳೆದುಕೊಂಡರು, ಕೊನೆಗೆ ಟೈಬ್ರೇಕ್‌ನಲ್ಲಿ ಗೆದ್ದು ಚಾಂಪಿಯನ್ ಆದರು. ಆಕಾರವಿಲ್ಲದ ಆರೋಪದ ಉರಿ ಉಂಡವರೇ ಮುಂದೊಂದು ದಿನ ಅದನ್ನು ಇನ್ನೊಬ್ಬರ ಮೇಲೆ ಹೊರಿಸಬಲ್ಲರು. ಒಬ್ಬೊಬ್ಬರ ಒಳ್ಳೆಯತನವನ್ನು ನೆಚ್ಚಿ ಇದನ್ನು ತಡೆಯಲಾಗದು, ತಡೆಯಬೇಕಾದದ್ದು ನಿಯಮ. ಗೆಗುರಿಯ ಮೇಲಿನ ಮಾತು ‘ಏನೋ ಸರಿಯಿಲ್ಲ’ ಎಂಬಲ್ಲೇ ನಿಂತಿದ್ದರೆ ಅವಳು ಎಷ್ಟು ಕ್ಯಾಮೆರಾಗಳ ಮುಂದೆ ಕೂತರೂ ಸಾಲುತ್ತಿರಲಿಲ್ಲ. ಅವಳ ಕೈ ಸತ್ಯ ಹೇಳಿತು, ಏಕೆಂದರೆ ಕೈಯನ್ನು ನೋಡಬೇಕು ಎಂಬುದು ನೋಡುವವರಿಗೆ ಗೊತ್ತಿತ್ತು.