ನಲ್ಲಿ ನೀರು: ನಮಗೆ ಅಮೃತ, ಮೀನಿಗೆ ಮೃತ್ಯು!

ಮೈಸೂರು, ಸೋಮವಾರ – ಶಿವರಾಂಪೇಟೆಯ ಒಂದು ಬೇಕರಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಆರು ಗೋಲ್ಡ್ ಫಿಶ್. ಟೀ ಕುಡಿಯಲು ಬಂದವರೆಲ್ಲ ಒಂದು ನಿಮಿಷ ನಿಂತು ನೋಡುವರು. ಮಕ್ಕಳಂತೂ ಕೈಯಲ್ಲಿನ ಬನ್ನು ಮರೆತು ಗಾಜಿಗೆ ಮೂಗು ಒತ್ತಿ ನಿಲ್ಲುವರು.

ಕಳೆದ ವಾರ ಹೋದಾಗ ತೊಟ್ಟಿ ಖಾಲಿ!

‘ಏನಾಯ್ತು ಯಜಮಾನ್ರೆ?’ ಎಂದೆ.

‘ಏನ್ ಹೇಳ್ಲಿ ಸ್ವಾಮಿ. ನೀರು ಗಲೀಜಾಗಿದೆ ಅಂತ ಭಾನುವಾರ ಪೂರ್ತಿ ಚೆಲ್ಲಿ, ತೊಟ್ಟಿ ಪಳಪಳ ಉಜ್ಜಿ, ನಲ್ಲಿಗೆ ಪೈಪ್ ಸಿಕ್ಕಿಸಿ ಹೊಸ ನೀರು ತುಂಬಿಸಿದೆ. ಸ್ವಲ್ಪ ಹೊತ್ತಿಗೆಲ್ಲ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡೋಕೆ ಶುರು. ಸಂಜೆ ಹೊತ್ತಿಗೆ ಆರೂ ಮಗುಚಿಕೊಂಡ್ವು. ಮೊಮ್ಮಗಳು ಆ ರಾತ್ರಿ ಊಟ ಮುಟ್ಟಲಿಲ್ಲ.’

ಕ್ಲೋರಿನ್ ಕಾರಣ ಎಂದು ಅವರಿಗೆ ಯಾರೋ ಹೇಳಿದ್ದಾರೆ. ಯಜಮಾನರ ಕೋಪ ಈಗ ಅದರ ಮೇಲೆ. ‘ನೀರಿಗೆ ಆ ಔಷಧಿ ಹಾಕೋದು ನಿಲ್ಲಿಸಿ ಅಂತ ಒಂದು ಅರ್ಜಿ ಬರೆದಿದ್ದೀನಿ. ಬೀದಿಯವರ ರುಜು ಹಾಕಿಸ್ತೀನಿ. ನೀವೂ ಪೇಪರ್‌ನಲ್ಲಿ ಬರೀರಿ’ ಎಂದರು.

ಬರೆಯುತ್ತಿದ್ದೇನೆ. ಆದರೆ ಅವರು ಹೇಳಿದ ಹಾಗಲ್ಲ!

ಅದು ಇಲ್ಲದಿದ್ದರೆ?

ನಮ್ಮೂರಿಗೆ ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ಕಾವೇರಿ ನೀರು ಬರುತ್ತದೆ. ನದಿ ಎಂದ ಮೇಲೆ ದನ ಮೀಯುತ್ತದೆ, ಬಟ್ಟೆ ಒಗೆಯುತ್ತಾರೆ, ಊರ ಕೊಳೆಯೂ ಸೇರುತ್ತದೆ. ಅದನ್ನು ಸೋಸಿ, ರೋಗಾಣು ಸಾಯಲೆಂದು ಕ್ಲೋರಿನ್ ಬೆರೆಸುತ್ತಾರೆ. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ನೀರು ಮೈಲಿಗಟ್ಟಲೆ ಕೊಳವೆಯಲ್ಲಿ ಹರಿಯಬೇಕು. ಎಲ್ಲೋ ಒಡೆದ ಪೈಪು, ಪಕ್ಕದಲ್ಲೇ ಮೋರಿ! ದಾರಿಯಲ್ಲಿ ಕೊಳೆ ಸೇರಿದರೂ ಕಾಯಲಿ ಎಂದು ಮನೆಯ ನಲ್ಲಿಯವರೆಗೂ ಒಂದಿಷ್ಟು ಕ್ಲೋರಿನ್ ಉಳಿಯುವಂತೆ ನೋಡಿಕೊಳ್ಳುತ್ತಾರೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂದು ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡವೇ ಹೇಳುತ್ತದೆ.

ಅದನ್ನು ನಿಲ್ಲಿಸಿದರೆ ಕಾಲರಾ, ಟೈಫಾಯ್ಡ್, ಕಾಮಾಲೆಗೆ ಬಾಗಿಲು ತೆಗೆದ ಹಾಗೆ. ಆರು ಮೀನಿಗೋಸ್ಕರ ಬೀದಿಯ ಮಕ್ಕಳಿಗೆಲ್ಲ ವಾಂತಿಭೇದಿ ತರಿಸುವುದು ಯಾವ ನ್ಯಾಯ, ನೀವೇ ಹೇಳಿ.

ಮೀನಿಗೇಕೆ ವಿಷ?

ನಾವು ಕುಡಿದ ನೀರು ಹೊಟ್ಟೆಗೆ ಹೋಗುತ್ತದೆ. ಅಷ್ಟು ಕಡಿಮೆ ಕ್ಲೋರಿನ್ ಅಲ್ಲಿ ಏನೂ ಮಾಡದು. ಮೀನಿನ ಪಾಡು ಬೇರೆ. ಅದು ಉಸಿರಾಡುವುದೇ ನೀರನ್ನು. ಅದರ ಕಿವಿರಿನ ಪೊರೆ ಬಲು ತೆಳು. ಕ್ಲೋರಿನ್ ಅದನ್ನು ಸುಡುತ್ತದೆ. ಆಮೇಲೆ ನೀರಿನಲ್ಲಿ ಪ್ರಾಣವಾಯು ಎಷ್ಟಿದ್ದರೂ ಮೀನಿಗೆ ದಕ್ಕುವುದಿಲ್ಲ. ಬಾಯಿ ಬಾಯಿ ಬಿಡುವುದು ಅದಕ್ಕೇ.

ಇನ್ನೊಂದು ಕಾಣದ ಪೆಟ್ಟು ಉಂಟು. ತೊಟ್ಟಿಯ ಫಿಲ್ಟರಿನ ಸ್ಪಂಜಿನಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳಿರುತ್ತವೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಅವು ತಿಂದು ಹಾಕುತ್ತವೆ. ಆ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಹಿಂಡಿದರೆ ಅವೂ ಸತ್ತವು. ಮೀನು ಇವತ್ತು ಬದುಕಿತೆಂದು ನೀವು ಖುಷಿಯಾಗಿರುತ್ತೀರಿ, ನಾಲ್ಕು ದಿನ ಬಿಟ್ಟು ಅಮೋನಿಯಾ ಏರಿ ಸಾಯುತ್ತದೆ. ಆದ್ದರಿಂದ ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಅದ್ದಿ ಹಿಂಡಿ.

ಮೂರು ದಾರಿಗಳು

ಮೊದಲನೆಯದು ಬಿಡಿಕಾಸಿಲ್ಲದ ದಾರಿ. ಅಗಲ ಬಾಯಿಯ ಟಬ್ಬಿನಲ್ಲಿ ನೀರು ಹಿಡಿದು, ಮುಚ್ಚದೆ, ಒಂದು ದಿನ ಪೂರ್ತಿ ಇಡಿ. ಕ್ಲೋರಿನ್ ತಾನಾಗಿ ಗಾಳಿಗೆ ಹೋಗುತ್ತದೆ. ಬಿಸಿಲು ಬಿದ್ದರೆ, ಗಾಳಿ ಪಂಪಿನ ಕೊಳವೆ ಬಿಟ್ಟರೆ ಇನ್ನೂ ಬೇಗ. ಮುಚ್ಚಿದ ಕ್ಯಾನಿನಲ್ಲಿ ಇಟ್ಟರೆ ಪ್ರಯೋಜನ ಕಡಿಮೆ.

ಎರಡನೆಯದು ಹೈಪೋ. ಹಿಂದೆ ಫೋಟೋ ಸ್ಟುಡಿಯೋಗಳ ಕತ್ತಲೆ ಕೋಣೆಯಲ್ಲಿ ಬಳಸುತ್ತಿದ್ದರಲ್ಲ, ಅದೇ. ಹೆಸರು ಸೋಡಿಯಂ ಥಯೋಸಲ್ಫೇಟ್. ನೋಡಲು ಕಲ್ಲುಸಕ್ಕರೆಯ ಹಾಗೆ. ಮೀನಿನ ಅಂಗಡಿಯವರು ‘ಆಂಟಿ ಕ್ಲೋರಿನ್’ ಎಂದು ಮಾರುವ ಸೀಸೆಗಳಲ್ಲಿ ಸಾಮಾನ್ಯವಾಗಿ ಇರುವುದೂ ಇದೇ. 10 ಗ್ರಾಂ ಶುದ್ಧ ಹರಳನ್ನು ನೀರಿನಲ್ಲಿ ಕರಗಿಸಿ ಒಟ್ಟು 100 ಮಿಲಿಲೀಟರ್ ಮಾಡಿ. 10 ಲೀಟರಿನ ಬಕೆಟ್ಟಿಗೆ 1 ಮಿಲಿಲೀಟರ್, ಅಂದರೆ ಸುಮಾರು 20 ಹನಿ ಸಾಕು. ಚೆನ್ನಾಗಿ ಕಲಕಿ ಕೆಲವು ನಿಮಿಷ ಬಿಡಿ.

ಲೆಕ್ಕ ಹೀಗೆ: 1 ಪಾಲು ಕ್ಲೋರಿನ್ ಮುರಿಯಲು ಹೆಚ್ಚೆಂದರೆ 7 ಪಾಲು ಹೈಪೋ ಬೇಕು. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇದ್ದರೂ 10 ಲೀಟರಿಗೆ 70 ಮಿಲಿಗ್ರಾಂ ಹೈಪೋ. ನಿಮ್ಮ 20 ಹನಿಯಲ್ಲಿ 100 ಮಿಲಿಗ್ರಾಂ ಇದೆ. ಸ್ವಲ್ಪ ಹೆಚ್ಚಾದರೆ ಮೀನಿಗೆ ತೊಂದರೆಯಿಲ್ಲ, ಹಾಗಂತ ಹಿಡಿಗಟ್ಟಲೆ ಸುರಿಯಬೇಡಿ. ಒಂದು ಎಚ್ಚರಿಕೆ: ಸ್ಟುಡಿಯೋದ ತಯಾರಿ ‘ಫಿಕ್ಸರ್’ ತರಬೇಡಿ, ಅದರಲ್ಲಿ ಬೇರೆ ರಾಸಾಯನಿಕಗಳೂ ಬೆರೆತಿರುತ್ತವೆ. ಸೀಸೆಗೆ ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಮೂರನೆಯದು ಕಾರ್ಬನ್ ಫಿಲ್ಟರ್. ಒಲೆಯ ಇದ್ದಿಲಲ್ಲ, ಅದಕ್ಕೆಂದೇ ಹದ ಮಾಡಿದ ಇದ್ದಿಲು. ನೀರನ್ನು ನಿಧಾನವಾಗಿ ಬಿಟ್ಟರೆ ಕ್ಲೋರಿನ್ ಅಲ್ಲೇ ಮುರಿಯುತ್ತದೆ. ರಭಸವಾಗಿ ಬಿಟ್ಟರೆ ಅಷ್ಟಿಷ್ಟು ದಾಟಿಬಿಡುತ್ತದೆ. ಇದ್ದಿಲಿಗೂ ಆಯುಸ್ಸಿದೆ, ಕಾಲಕಾಲಕ್ಕೆ ಬದಲಿಸಬೇಕು. ‘ಮನೇಲಿ ಆರ್‌ಓ ಇದೆ, ಆ ನೀರೇ ಹಾಕಿದ್ರೆ?’ ಎನ್ನುವವರುಂಟು. ಅದರಲ್ಲಿ ಕ್ಲೋರಿನ್ ಇರುವುದಿಲ್ಲ ನಿಜ, ಆದರೆ ಮೀನಿಗೆ ಬೇಕಾದ ಲವಣಗಳೂ ಬಹುಪಾಲು ಹೋಗಿರುತ್ತವೆ. ಆ ಬರೀ ನೀರು ಬೇಡ.

ಅಮೆರಿಕದಲ್ಲಿ ಮಗ ಸೊಸೆ ಇದ್ದು, ಅವರೂ ಮೀನು ಸಾಕಿದ್ದರೆ ಒಂದು ಮಾತು ಫೋನಿನಲ್ಲಿ ಹೇಳಿ. ಅಲ್ಲಿನ ಹಲವು ಊರುಗಳಲ್ಲಿ ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿ ‘ಕ್ಲೋರಮಿನ್’ ಮಾಡುತ್ತಾರೆ. ಅದು ಒಂದು ದಿನ ಇಟ್ಟರೆ ಹೋಗುವುದಿಲ್ಲ, ಅದಕ್ಕೆಂದೇ ಮಾಡಿದ ಔಷಧಿ ಬೇಕು.

ಮಳೆಗಾಲದಲ್ಲಿ ಜೋಕೆ!

ಕೆಂಪು ನೀರು ಬರುವ ದಿನಗಳಲ್ಲಿ, ಪೈಪು ರಿಪೇರಿಯಾದ ಮೇಲೆ, ಕ್ಲೋರಿನ್ ಪ್ರಮಾಣ ಹೆಚ್ಚಿಸುವುದುಂಟು. ‘ಆರು ತಿಂಗಳಿಂದ ನೇರ ನಲ್ಲಿ ನೀರೇ ಹಾಕ್ತಿದ್ದೀನಿ, ಏನೂ ಆಗಿಲ್ಲ’ ಎನ್ನುವ ಶೂರರು ಸೋಲುವುದು ಆಗಲೇ. ಘಾಟು ವಾಸನೆ ಬಂದರಂತೂ ಸರಿಯೇ, ಬರದಿದ್ದರೂ ನಂಬಬೇಡಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಪೂರ್ತಿ ನೀರು ಚೆಲ್ಲುವುದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಹಿಡಿಸುವುದು ಸುಮಾರು 56 ಲೀಟರ್. ವಾರಕ್ಕೊಮ್ಮೆ ಕಾಲು ಭಾಗ, ಅಂದರೆ 14 ಲೀಟರ್ ಬದಲಿಸಿದರೆ ಸಾಕು. ಒಂದೂವರೆ ಬಕೆಟ್ ನೀರು, ಇಷ್ಟೇ!

ಇದನ್ನೆಲ್ಲ ಯಜಮಾನರಿಗೆ ಹೇಳಿದೆ. ನಾನೇನೂ ಹುಟ್ಟಾ ಪಂಡಿತನಲ್ಲ. ಹುಡುಗನಾಗಿದ್ದಾಗ ಗಾಜಿನ ಬಾಟ್ಲಿಯಲ್ಲಿ ಗಪ್ಪಿ ಸಾಕಿ, ಹೀಗೇ ನಲ್ಲಿ ನೀರು ಬಿಟ್ಟು ಕೊಂದವನೇ. ಅವರು ಸುಮ್ಮನೆ ಕೇಳಿದರು. ಗಲ್ಲಾಪೆಟ್ಟಿಗೆಯಿಂದ ಆ ಅರ್ಜಿ ತೆಗೆದು, ಮಡಚಿ, ಬೆಣ್ಣೆ ಬಿಸ್ಕತ್ತು ಕಟ್ಟಲು ಕೊಟ್ಟರು.

ಇವತ್ತು ಬೆಳಿಗ್ಗೆ ಬೇಕರಿ ಮುಂದೆ ಹಾದು ಬಂದೆ. ಹಿತ್ತಲ ಬಾಗಿಲಲ್ಲಿ ಬಾಯಿ ತೆರೆದ ಒಂದು ನೀಲಿ ಟಬ್ಬು. ಅದರ ಪಕ್ಕ ಮೊಮ್ಮಗಳು ಕಾವಲು! ‘ಯಾರೂ ಮುಟ್ಬೇಡಿ, ನಾಳೆವರೆಗೂ ಇದು ಮೀನಿನ ನೀರು’ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಮೀನು ಇನ್ನೂ ಬಂದಿಲ್ಲ. ಮೊದಲು ನೀರು ಹದವಾಗಲಿ, ಆಮೇಲೆ ಎರಡೇ ಎರಡು ತರ್ತೀನಿ ಎಂದು ತಾತ ಮಾತು ಕೊಟ್ಟಿದ್ದಾರಂತೆ.