ತಂಡ ಬಿಟ್ಟರೆ ದ್ರೋಹ, ತಂಡವೇ ಬಿಟ್ಟರೆ ಬಿಸಿನೆಸ್

2016ರ ಜುಲೈ 4ರಂದು ಕೆವಿನ್ ಡ್ಯೂರಂಟ್ ಒಂದು ಚಿಕ್ಕ ಲೇಖನ ಬರೆದು, ಒಕ್ಲಹೋಮ ಸಿಟಿ ಥಂಡರ್ ಬಿಟ್ಟು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸೇರ್ತಿದ್ದೀನಿ ಅಂತ ತಿಳಿಸಿದ. ಅದಕ್ಕೆ ಎದ್ದ ಗದ್ದಲ ಅರ್ಥ ಆಗಬೇಕಾದರೆ ಐದು ವಾರ ಹಿಂದಕ್ಕೆ ಹೋಗಬೇಕು. ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನಲ್ಲಿ ಇದೇ ವಾರಿಯರ್ಸ್ ವಿರುದ್ಧ ಥಂಡರ್ 3-1ರಿಂದ ಮುಂದಿತ್ತು. ಏಳು ಪಂದ್ಯಗಳ ಸರಣಿ, ಇನ್ನೊಂದೇ ಒಂದು ಗೆದ್ದಿದ್ದರೆ ಸಾಕಿತ್ತು. ಆರನೇ ಪಂದ್ಯ ಒಕ್ಲಹೋಮದಲ್ಲೇ ಇತ್ತು. ಅಲ್ಲಿ ಕ್ಲೇ ಥಾಂಪ್ಸನ್ ಹನ್ನೊಂದು ತ್ರೀ-ಪಾಯಿಂಟರ್ ಹಾಕಿ ಪಂದ್ಯವನ್ನ ಕಿತ್ತುಕೊಂಡ. ಏಳನೆಯದೂ ಹೋಯ್ತು. ಆ ಸೀಸನ್‌ನಲ್ಲಿ ವಾರಿಯರ್ಸ್ 82ರಲ್ಲಿ 73 ಪಂದ್ಯ ಗೆದ್ದು ಎನ್‌ಬಿಎ ದಾಖಲೆ ಮಾಡಿತ್ತು. ತನ್ನನ್ನ ಸೋಲಿಸಿದವರ ಮನೆಗೇ ಡ್ಯೂರಂಟ್ ಗಂಟುಮೂಟೆ ಕಟ್ಟಿಕೊಂಡು ಹೋದ.

ಮುಂದಿನ ಫೆಬ್ರವರಿಯಲ್ಲಿ ವಾರಿಯರ್ಸ್ ಜೆರ್ಸಿ ಹಾಕಿಕೊಂಡು ಅವನು ಒಕ್ಲಹೋಮಕ್ಕೆ ಆಡಲು ಬಂದಾಗ ಗ್ಯಾಲರಿ ತುಂಬ ಕಪ್‌ಕೇಕ್ ಚಿತ್ರದ ಟೀ-ಶರ್ಟ್‌ಗಳು. ಕಪ್‌ಕೇಕ್ ಅಂದ್ರೆ ಅಲ್ಲಿ ಮೆತ್ತಗಿನವನು, ಗಟ್ಟಿತನ ಇಲ್ಲದವನು ಅಂತ ಅರ್ಥ. ಚೆಂಡು ಅವನ ಕೈಗೆ ಬಂದಾಗಲೆಲ್ಲ ಕೂಗಾಟ.

ನಾನು ಡ್ಯೂರಂಟ್ ಅಭಿಮಾನಿ ಏನಲ್ಲ. ಆದರೆ ಈ 'ನಿಷ್ಠೆ' ಅನ್ನೋ ಪದವನ್ನ ಎನ್‌ಬಿಎಯಲ್ಲಿ ಬಳಸುವ ರೀತಿ ನೋಡಿದಾಗೆಲ್ಲ ಏನೋ ಲೆಕ್ಕ ತಪ್ಪಿದೆ ಅನ್ನಿಸುತ್ತೆ.

ಮೊದಲು ವ್ಯವಸ್ಥೆ ಹೇಗಿದೆ ನೋಡಿ. ಅಲ್ಲಿ 30 ತಂಡಗಳು. ಹುಡುಗ ಲೀಗ್‌ಗೆ ಬರೋದು ಡ್ರಾಫ್ಟ್ ಮೂಲಕ. ತಂಡ ಅವನನ್ನ ಆರಿಸುತ್ತೆ, ಅವನು ತಂಡವನ್ನ ಆರಿಸುವ ಹಾಗಿಲ್ಲ. ಕ್ಯಾಂಪಸ್ ಪ್ಲೇಸ್‌ಮೆಂಟ್‌ನಲ್ಲಿ ಆಫರ್ ಬಂದ ಮೇಲೆ ಬೇಡ ಅಂದ್ರೆ ಬೇರೆ ಯಾವ ಕಂಪನಿಗೂ ಹೋಗೋ ಹಾಗಿಲ್ಲ ಅಂದ್ರೆ ಹೇಗಿರುತ್ತೆ, ಹಾಗೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಶುರುವಿನ ಕರಾರು ನಾಲ್ಕು ವರ್ಷ. ಅದು ಮುಗಿದಾಗಲೂ ಬೇರೆಯವರು ಕೊಟ್ಟ ಆಫರ್‌ನಷ್ಟೇ ತಾನೂ ಕೊಟ್ಟು ಅವನನ್ನ ಉಳಿಸಿಕೊಳ್ಳುವ ಹಕ್ಕು ಹಳೇ ತಂಡಕ್ಕಿದೆ. ಹೀಗಾಗಿ ಸ್ಟಾರ್ ಆಟಗಾರನಿಗೆ 'ನಾನೆಲ್ಲಿ ಆಡಬೇಕು' ಅಂತ ನಿಜವಾಗಿ ಕೇಳಿಕೊಳ್ಳುವ ಅವಕಾಶ ಸಿಗೋದು ಏಳು, ಎಂಟು, ಒಂಬತ್ತು ವರ್ಷಗಳಾದ ಮೇಲೆ. ಅದೇ ಫ್ರೀ ಏಜೆನ್ಸಿ. ಈ ಹಕ್ಕೂ ಸುಮ್ಮನೆ ಬಂದಿದ್ದಲ್ಲ. ಆಸ್ಕರ್ ರಾಬರ್ಟ್‌ಸನ್ 1970ರಲ್ಲಿ ಲೀಗ್ ವಿರುದ್ಧ ಕೋರ್ಟ್‌ಗೆ ಹೋಗಿ, 1976ರಲ್ಲಿ ರಾಜಿಯಾಗಿ, ಕೊನೆಗೆ ಪೂರ್ತಿ ಸ್ವತಂತ್ರನಾಗಿ ತಂಡ ಬದಲಿಸಿದ ಮೊದಲ ಆಟಗಾರ ಟಾಮ್ ಚೇಂಬರ್ಸ್ ಸಿಯಾಟಲ್‌ನಿಂದ ಫೀನಿಕ್ಸ್‌ಗೆ ಹೋಗುವಷ್ಟರಲ್ಲಿ 1988 ಆಗಿತ್ತು.

ಸಿಯಾಟಲ್ ಅಂದ ತಕ್ಷಣ ಡ್ಯೂರಂಟ್ ಕಥೆಯ ಇನ್ನೊಂದು ತಿರುವು ಹೇಳಲೇಬೇಕು. 2007ರ ಡ್ರಾಫ್ಟ್‌ನಲ್ಲಿ ಅವನನ್ನ ಆರಿಸಿದ್ದು ಒಕ್ಲಹೋಮ ಅಲ್ಲವೇ ಅಲ್ಲ, ಸಿಯಾಟಲ್ ಸೂಪರ್‌ಸಾನಿಕ್ಸ್. 1967ರಿಂದ ಆ ಊರಿನಲ್ಲಿದ್ದ ತಂಡವನ್ನ ಒಕ್ಲಹೋಮದ ಉದ್ಯಮಿಗಳು ಕೊಂಡುಕೊಂಡು, 2008ರಲ್ಲಿ ಇಡೀ ತಂಡವನ್ನೇ ಎತ್ತಿ ತಮ್ಮ ಊರಿಗೆ ಸಾಗಿಸಿದರು. ಹೆಸರು ಬದಲಾಯ್ತು, ಬಣ್ಣ ಬದಲಾಯ್ತು. ಸಿಯಾಟಲ್‌ನ ಅಭಿಮಾನಿಗಳ ನಾಲ್ಕು ದಶಕದ ಪ್ರೀತಿಗೆ ಯಾರೂ ನಿಷ್ಠೆಯ ಪಾಠ ಹೇಳಲಿಲ್ಲ. ಅದನ್ನ ಬಿಸಿನೆಸ್ ಅಂದರು. ಎಂಟು ವರ್ಷದ ಮೇಲೆ ಒಬ್ಬ ಆಟಗಾರ ಅದೇ ಕೆಲಸ ಮಾಡಿದಾಗ ಅದು ದ್ರೋಹ ಆಯ್ತು!

ಅವನು ವಾರಿಯರ್ಸ್‌ಗೆ ಹೋಗಲು ಸಾಧ್ಯ ಆಗಿದ್ದೂ ಒಂದು ಲೆಕ್ಕಾಚಾರದ ಪವಾಡ. ಎನ್‌ಬಿಎಯಲ್ಲಿ ಆಟಗಾರರ ಒಟ್ಟು ಸಂಬಳಕ್ಕೆ ಸ್ಯಾಲರಿ ಕ್ಯಾಪ್ ಅನ್ನೋ ಮಿತಿ ಇದೆ. ಅದನ್ನ ದಾಟೋದಕ್ಕೆ ಕೆಲವು ವಿನಾಯಿತಿಗಳಿವೆ, ಆದರೆ ಹೊರಗಿನಿಂದ ಒಬ್ಬ ದೊಡ್ಡ ಸ್ಟಾರ್‌ನ ಪೂರ್ತಿ ಸಂಬಳಕ್ಕೆ ಕರೆತರಬೇಕಾದರೆ ಆ ಮಿತಿಯೊಳಗೆ ಜಾಗ ಇರಲೇಬೇಕು. ಚೆನ್ನಾಗಿ ಆಡುವ ತಂಡದಲ್ಲಿ ಸಾಮಾನ್ಯವಾಗಿ ಜಾಗ ಇರಲ್ಲ. ಆದರೆ ಹೊಸ ಟಿವಿ ಒಪ್ಪಂದದ ದುಡ್ಡು ಒಮ್ಮೆಲೇ ಹರಿದು ಬಂದು, 2016ರ ಬೇಸಿಗೆಯಲ್ಲಿ ಕ್ಯಾಪ್ 70 ಮಿಲಿಯನ್ ಡಾಲರ್‌ನಿಂದ 94 ಮಿಲಿಯನ್‌ಗೆ ಜಿಗಿಯಿತು. ಜೊತೆಗೆ, ಲೀಗ್‌ನ ಅತ್ಯುತ್ತಮ ಆಟಗಾರ ಸ್ಟೆಫ್ ಕರಿ ಆಗ ಅಗ್ಗದ ಕರಾರಿನಲ್ಲಿದ್ದ. 2012ರಲ್ಲಿ ಅವನ ಪಾದದ ಕೀಲು ಪದೇ ಪದೇ ಕೈಕೊಡುತ್ತಿದ್ದಾಗ ನಾಲ್ಕು ವರ್ಷಕ್ಕೆ 44 ಮಿಲಿಯನ್‌ಗೆ ಸಹಿ ಹಾಕಿದ್ದ. ಕರಿಯ ಹಳೇ ಗಾಯ, ಟಿವಿ ದುಡ್ಡು, ಡ್ಯೂರಂಟ್ ಕರಾರು ಮುಗಿದ ವರ್ಷ, ಮೂರೂ ಒಂದೇ ಸಲ ಕೂಡಿ ಬಂದವು. ಇಂಥ ಕಿಟಕಿ ಮತ್ತೆ ತೆರೆದಿಲ್ಲ.

ಫಲಿತಾಂಶ? 2017ರ ಪ್ಲೇಆಫ್‌ನಲ್ಲಿ ವಾರಿಯರ್ಸ್ 16 ಪಂದ್ಯ ಗೆದ್ದು ಒಂದೇ ಒಂದು ಸೋತಿತು. 2018ರಲ್ಲೂ ಚಾಂಪಿಯನ್. ಎರಡೂ ಸಲ ಫೈನಲ್ಸ್‌ನ ಶ್ರೇಷ್ಠ ಆಟಗಾರ ಡ್ಯೂರಂಟ್. ಕಾಗದದ ಮೇಲೆ ಇದಕ್ಕಿಂತ ಒಳ್ಳೆ ನಿರ್ಧಾರ ಇರಲು ಸಾಧ್ಯವಿಲ್ಲ. ಆದರೂ ಅವನ ಎರಡು ಉಂಗುರಗಳ ಮಾತು ಬಂದಾಗಲೆಲ್ಲ (ಅಲ್ಲಿ ಟ್ರೋಫಿಗಿಂತ ಚಾಂಪಿಯನ್ನರ ಉಂಗುರಕ್ಕೇ ಹೆಚ್ಚು ಬೆಲೆ) ಜನ ಒಂದು 'ಆದರೆ' ಸೇರಿಸುತ್ತಾರೆ.

ಈ 'ಆದರೆ' ಎಲ್ಲಿಂದ ಬರುತ್ತೆ? ತಂಡ ಬಿಟ್ಟಿದ್ದಕ್ಕೆ ಅಂತ ನನಗನ್ನಿಸಲ್ಲ. ಅದನ್ನ ತಿಳಿಯೋಕೆ ಲೆಬ್ರಾನ್ ಜೇಮ್ಸ್‌ನನ್ನ ಪಕ್ಕದಲ್ಲಿಟ್ಟು ನೋಡಬೇಕು. ಒಹಾಯೊದ ಆಕ್ರನ್‌ನಲ್ಲಿ ಹುಟ್ಟಿ, ಪಕ್ಕದ ಕ್ಲೀವ್‌ಲ್ಯಾಂಡ್‌ಗೇ ಡ್ರಾಫ್ಟ್ ಆದ ಮನೆಮಗ ಅವನು. 2010ರ ಜುಲೈನಲ್ಲಿ ಇಎಸ್‌ಪಿಎನ್‌ನಲ್ಲಿ ವಿಶೇಷ ಕಾರ್ಯಕ್ರಮ ಇಟ್ಟುಕೊಂಡು, ಇಡೀ ದೇಶವನ್ನ ಕಾಯಿಸಿ, ಮಯಾಮಿಗೆ ಹೋಗ್ತೀನಿ ಅಂದ. ಕ್ಲೀವ್‌ಲ್ಯಾಂಡ್ ಬೀದಿಗಳಲ್ಲಿ ಅವನ ಜೆರ್ಸಿ ಸುಟ್ಟರು. ತಂಡದ ಮಾಲೀಕ ಡ್ಯಾನ್ ಗಿಲ್ಬರ್ಟ್ ಸಿಟ್ಟಿನ ಬಹಿರಂಗ ಪತ್ರ ಬರೆದ, ಅದೂ ಕಾಮಿಕ್ ಸ್ಯಾನ್ಸ್ ಫಾಂಟ್‌ನಲ್ಲಿ. ಲೆಬ್ರಾನ್‌ಗಿಂತ ಮೊದಲು ನಾವೇ ಚಾಂಪಿಯನ್ ಆಗ್ತೀವಿ ಅಂತ ಶಪಥ ಬೇರೆ. ಲೆಬ್ರಾನ್ 2012, 2013ರಲ್ಲಿ ಗೆದ್ದ. 2014ರಲ್ಲಿ ಅವನು ವಾಪಸ್ ಬರ್ತೀನಿ ಅಂದಾಗ ಅದೇ ಮಾಲೀಕ ಬಾಗಿಲು ತೆರೆದ. 2016ರ ಫೈನಲ್‌ನಲ್ಲಿ 1-3ರಿಂದ ಹಿಂದಿದ್ದು, ಆ 73 ಗೆಲುವಿನ ವಾರಿಯರ್ಸ್‌ನ್ನೇ ಸೋಲಿಸಿ, 52 ವರ್ಷ ಯಾವ ದೊಡ್ಡ ಕ್ರೀಡೆಯಲ್ಲೂ ಕಪ್ ಕಾಣದ ಊರಿಗೆ ಕಪ್ ತಂದ. ಎರಡು ವರ್ಷ ಬಿಟ್ಟು ಅವನು ಮತ್ತೆ ಕ್ಲೀವ್‌ಲ್ಯಾಂಡ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೊರಟಾಗ ಹೆಚ್ಚು ಜನ ಥ್ಯಾಂಕ್ಸ್ ಹೇಳಿ ಕಳಿಸಿದರು. ಅದೇ ಊರು, ಅದೇ ಆಟಗಾರ, ಅದೇ ಬಿಟ್ಟು ಹೋಗುವಿಕೆ.

ಅಂದರೆ ಜನ ಅಳೆಯುವುದು ಅವನು ಹೊತ್ತ ಭಾರವನ್ನ. ಸೋಲುವ ಸಾಧ್ಯತೆ ಎಷ್ಟಿತ್ತು ಅನ್ನೋದನ್ನ. ಡ್ಯೂರಂಟ್ ಬಾಸ್ಟನ್‌ಗೋ ಇನ್ನೆಲ್ಲಿಗೋ ಹೋಗಿದ್ದರೆ ಒಂದು ವರ್ಷ ಬೈದು ಸುಮ್ಮನಾಗುತ್ತಿದ್ದರು ಅಂತ ನನ್ನ ಲೆಕ್ಕ. ಅವನು ಆರಿಸಿದ್ದು ತನ್ನ ಅಗತ್ಯವೇ ಇಲ್ಲದ ತಂಡವನ್ನ. ಅವನು ಬರುವ ಮೊದಲೇ, 2015ರಲ್ಲೇ, ವಾರಿಯರ್ಸ್ ಕಪ್ ಗೆದ್ದಾಗಿತ್ತು. ಅವನು ಹೋದ ಮೇಲೆ 2022ರಲ್ಲೂ ಗೆದ್ದಿತು. ಇದಕ್ಕೆ ನಿಷ್ಠೆ ಅಂತ ಹೆಸರಿಟ್ಟು ಮಾತಾಡೋದರಿಂದಲೇ ಗೊಂದಲ. ನಿಷ್ಠೆಯ ಪ್ರಶ್ನೆ ಅಂತ ತೆಗೆದುಕೊಂಡರೆ ತಂಡಗಳ ಕಡೆಯ ಪುಟವನ್ನೂ ತೆರೆಯಬೇಕಾಗುತ್ತೆ. ಆ ಪುಟ ಚೆನ್ನಾಗಿಲ್ಲ.

ಐಸಯಾ ಥಾಮಸ್‌ನನ್ನೇ ತಗೊಳ್ಳಿ. ಐದು ಅಡಿ ಒಂಬತ್ತು ಇಂಚಿನ ಹುಡುಗ, 2016-17ರಲ್ಲಿ ಬಾಸ್ಟನ್ ಪರ ಪಂದ್ಯಕ್ಕೆ ಸರಾಸರಿ 28.9 ಪಾಯಿಂಟ್. ಪ್ಲೇಆಫ್ ಶುರುವಾಗುವ ಹಿಂದಿನ ದಿನ ಅವನ ತಂಗಿ ಕಾರು ಅಪಘಾತದಲ್ಲಿ ತೀರಿಕೊಂಡಳು. ಮರುದಿನ ಕೋರ್ಟ್‌ಗೆ ಇಳಿದ. ತಂಗಿಯ ಹುಟ್ಟುಹಬ್ಬದ ದಿನ ವಾಷಿಂಗ್ಟನ್ ವಿರುದ್ಧ 53 ಪಾಯಿಂಟ್ ಹೊಡೆದ. ಸೊಂಟದ ನೋವು ಕಿತ್ತು ತಿನ್ನುತ್ತಿದ್ದರೂ ಆಡಿದ. ಅದೇ ಆಗಸ್ಟ್‌ನಲ್ಲಿ ಬಾಸ್ಟನ್ ಅವನನ್ನ ಕೈರಿ ಅರ್ವಿಂಗ್‌ಗಾಗಿ ಕ್ಲೀವ್‌ಲ್ಯಾಂಡ್‌ಗೆ ಟ್ರೇಡ್ ಮಾಡಿತು. ಆ ಸೊಂಟ ಮತ್ತೆ ಮೊದಲಿನಂತೆ ಆಗಲೇ ಇಲ್ಲ. ಅವನು ಕಾಯುತ್ತಿದ್ದ ದೊಡ್ಡ ಕರಾರೂ ಬರಲಿಲ್ಲ.

ಡಿಮಾರ್ ಡಿರೋಜನ್ ಒಂಬತ್ತು ಸೀಸನ್ ಟೊರೊಂಟೊದಲ್ಲಿ ಆಡಿದ. 2016ರಲ್ಲಿ ಕರಾರು ಮುಗಿದಾಗಲೂ ಅಲ್ಲೇ ಉಳಿದ. 2018ರಲ್ಲಿ ತಂಡ ಅವನನ್ನ ಸ್ಯಾನ್ ಆಂಟೋನಿಯೊಗೆ ಕಳಿಸಿ, ಬದಲಿಗೆ ಕವಾಯ್ ಲೆನರ್ಡ್‌ನನ್ನ ತಂದಿತು. ಕವಾಯ್ ಒಂದೇ ವರ್ಷ ಇದ್ದ, 2019ರಲ್ಲಿ ಟೊರೊಂಟೊಗೆ ಮೊದಲ ಕಪ್ ಗೆದ್ದುಕೊಟ್ಟ, ಮರುತಿಂಗಳೇ ಫ್ರೀ ಏಜೆಂಟ್ ಆಗಿ ಕ್ಲಿಪ್ಪರ್ಸ್‌ಗೆ ಹೋದ. ಉಳಿದವನಿಗೆ ಉಂಗುರ ಇಲ್ಲ, ಬಂದು ಹೋದವನಿಗೆ ಇದೆ. ತಂಡದ ಲೆಕ್ಕದಲ್ಲಿ ಆ ಟ್ರೇಡ್ ನೂರಕ್ಕೆ ನೂರು ಸರಿ. ಅದನ್ನ ನಾನೂ ಒಪ್ಪುತ್ತೀನಿ. ಹಾಗಾದರೆ ಆಟಗಾರ ಅದೇ ಲೆಕ್ಕ ಹಾಕಿದರೆ ತಪ್ಪು ಹೇಗೆ?

ಡಲ್ಲಾಸ್ ಕಥೆ ಇನ್ನೂ ವಿಚಿತ್ರ. ನಿಷ್ಠೆ ಅಂದ ಕೂಡಲೇ ಎಲ್ಲರೂ ಹೇಳೋದು ಆ ಊರಿನ ಡರ್ಕ್ ನೊವಿಟ್ಸ್ಕಿ ಹೆಸರು. 21 ಸೀಸನ್, ಒಂದೇ ತಂಡ, 2011ರಲ್ಲಿ ಲೆಬ್ರಾನ್‌ನ ಮಯಾಮಿಯನ್ನೇ ಸೋಲಿಸಿ ಒಂದು ಕಪ್. 2014ರಲ್ಲಿ ಮೂರು ವರ್ಷಕ್ಕೆ ಸುಮಾರು 25 ಮಿಲಿಯನ್ ಡಾಲರ್‌ಗೆ ಸಹಿ ಹಾಕಿ, ತನ್ನ ಬೆಲೆಗಿಂತ ತುಂಬ ಕಡಿಮೆ ತಗೊಂಡ. ಅವನ ನಂತರ ಆ ಊರಿನ ಕಣ್ಮಣಿ ಲೂಕಾ ಡಾನ್ಚಿಚ್. 2024ರಲ್ಲಿ ತಂಡವನ್ನ ಫೈನಲ್‌ಗೆ ಕರೆದೊಯ್ದ. 2025ರ ಫೆಬ್ರವರಿಯಲ್ಲಿ ಒಂದು ರಾತ್ರಿ, ಅವನು ಕೇಳದೆ, ಅವನಿಗೆ ಸುಳಿವೂ ಇಲ್ಲದೆ, ಲೇಕರ್ಸ್‌ಗೆ ಟ್ರೇಡ್. ಆಗ ಅವನ ವಯಸ್ಸು 25. ಅಭಿಮಾನಿಗಳು ಸ್ಟೇಡಿಯಂ ಹೊರಗೆ ಬಂದು ಪ್ರತಿಭಟಿಸಿದರು. ಊರಿನವರ ಸಿಟ್ಟು ಆಟಗಾರನ ಬದಲು ಆಡಳಿತದ ಮೇಲೆ ಇಷ್ಟು ಜೋರಾಗಿ ತಿರುಗಿದ್ದನ್ನ ನಾನು ನೋಡಿದ್ದು ಅದೇ ಮೊದಲು.

ಉಳಿದವರ ಕಥೆಯಲ್ಲೂ ಅದೃಷ್ಟದ ಪಾಲು ದೊಡ್ಡದು. ಟಿಮ್ ಡಂಕನ್ 19 ಸೀಸನ್ ಸ್ಯಾನ್ ಆಂಟೋನಿಯೊದಲ್ಲಿದ್ದು ಐದು ಕಪ್ ಗೆದ್ದ, ನಿಜ. ಆದರೆ ಅಷ್ಟು ಚೆನ್ನಾಗಿ ನಡೆಯುವ ತಂಡದಲ್ಲಿ ಉಳಿಯೋದು ಕಷ್ಟವಲ್ಲ. ಅವನೂ 2000ದಲ್ಲಿ ಒರ್ಲಾಂಡೊಗೆ ಹೋಗಿ ನೋಡಿಕೊಂಡು ಬಂದಿದ್ದ! ಜಾನ್ ಸ್ಟಾಕ್ಟನ್ ಯೂಟಾದಲ್ಲಿ 19 ಸೀಸನ್ ಆಡಿ ಬರಿಗೈಯಲ್ಲಿ ನಿವೃತ್ತನಾದ. ಯಾನಿಸ್ ಆಂಟೆಟೊಕುಂಪೊ 2020ರ ಡಿಸೆಂಬರ್‌ನಲ್ಲಿ ಮಿಲ್ವಾಕಿಯಲ್ಲೇ ಉಳಿಯಲು ಸಹಿ ಹಾಕಿದ, ಏಳೇ ತಿಂಗಳಲ್ಲಿ ಫೈನಲ್‌ನ ಕೊನೆ ಪಂದ್ಯದಲ್ಲಿ 50 ಪಾಯಿಂಟ್ ಹೊಡೆದು ಗೆದ್ದ. ಡೇಮಿಯನ್ ಲಿಲ್ಲಾರ್ಡ್ ಪೋರ್ಟ್‌ಲ್ಯಾಂಡ್‌ನಲ್ಲಿ 11 ಸೀಸನ್ ಕಾದ. ಏನೂ ಆಗಲಿಲ್ಲ. 2023ರಲ್ಲಿ ತಾನೇ ಟ್ರೇಡ್ ಕೇಳಿ ಇದೇ ಯಾನಿಸ್ ಜೊತೆ ಸೇರಿದ. ಅಲ್ಲಿಯೂ ಕಪ್ ಬರಲಿಲ್ಲ. 2025ರ ಏಪ್ರಿಲ್‌ನಲ್ಲಿ ಹಿಮ್ಮಡಿಯ ಸ್ನಾಯು ಹರಿಯಿತು, ಜುಲೈನಲ್ಲಿ ಮಿಲ್ವಾಕಿ ಅವನನ್ನ ಕೈಬಿಟ್ಟಿತು. ಗಾಯಗೊಂಡವನನ್ನ ಕರೆದು ಕರಾರು ಕೊಟ್ಟಿದ್ದು ಯಾರು? ಪೋರ್ಟ್‌ಲ್ಯಾಂಡ್.

ನಮ್ಮಲ್ಲಿ ಈ ಮಾತು ಬಂದರೆ ಕೊಹ್ಲಿ ಹೆಸರು ಬರದೇ ಇರಲ್ಲ. 2008ರಿಂದ ಒಂದೇ ತಂಡ, 18ನೇ ಸೀಸನ್‌ನಲ್ಲಿ ಕಪ್. 2025ರ ಜೂನ್ 3ರ ರಾತ್ರಿ ಅವನ ಕಣ್ಣೀರು ನೋಡಿದವರಿಗೆ, ಅದನ್ನ ಮೂರನೇ ವರ್ಷಕ್ಕೆ ಬೇರೆ ತಂಡದಲ್ಲಿ ಗೆದ್ದಿದ್ದರೆ ಹೀಗಿರುತ್ತಿತ್ತಾ ಅಂತ ಹೇಳಬೇಕಾಗಿಲ್ಲ. ಆದರೆ ಆರ್‌ಸಿಬಿ ಆವತ್ತು ಆರು ರನ್‌ನಿಂದ ಗೆದ್ದಿದ್ದು ಅನ್ನೋದನ್ನೂ ಮರೆಯಬೇಡಿ. ಆ ಆರು ರನ್ ಆಕಡೆ ಹೋಗಿದ್ದರೂ ಅವನ ನಿಷ್ಠೆ ಅಷ್ಟೇ ಇರುತ್ತಿತ್ತು.

ಎನ್‌ಬಿಎ ಈಗ ನಿಷ್ಠೆಗೂ ಒಂದು ರೇಟ್ ಕಟ್ಟಿದೆ. ಡ್ಯೂರಂಟ್ ಹೋದ ಮೇಲೆ ಬಂದ 2017ರ ಒಪ್ಪಂದದಲ್ಲಿ 'ಸೂಪರ್‌ಮ್ಯಾಕ್ಸ್' ಅಂತ ತಂದರು. ಅರ್ಹತೆ ಇರುವ ಸ್ಟಾರ್ ತನ್ನ ತಂಡದಲ್ಲೇ ಉಳಿದರೆ ಕ್ಯಾಪ್‌ನ ಶೇ. 35ರಷ್ಟು ಸಂಬಳ ಮೊದಲಿಗಿಂತ ಬೇಗ ಸಿಗುತ್ತೆ. ಒಕ್ಲಹೋಮದಲ್ಲೇ ಉಳಿದ ರಸೆಲ್ ವೆಸ್ಟ್‌ಬ್ರೂಕ್ ಆ ವರ್ಷವೇ 205 ಮಿಲಿಯನ್‌ಗೆ ಸಹಿ ಹಾಕಿದ. ಎರಡು ವರ್ಷ ಬಿಟ್ಟು ಅವನೂ ಹ್ಯೂಸ್ಟನ್‌ಗೆ ಟ್ರೇಡ್ ಆದ. ಹೀಗಾಗಿ ಈಗಿನ ಸ್ಟಾರ್‌ಗಳು ಮೊದಲು ದೊಡ್ಡ ಕರಾರಿಗೆ ಸಹಿ ಹಾಕ್ತಾರೆ, ಬೇಡವಾದಾಗ ಟ್ರೇಡ್ ಕೇಳ್ತಾರೆ. ಕರಾರು ಮುಗಿಯೋವರೆಗೆ ಕಾದು, ಪಾಲಿಸಬೇಕಾದ್ದನ್ನೆಲ್ಲ ಪಾಲಿಸಿ ಹೊರಟವನು 2016ರ ಡ್ಯೂರಂಟ್. ಬೈಸಿಕೊಂಡಿದ್ದೂ ಅವನೇ ಹೆಚ್ಚು. ಅವನೇ 2022ರಲ್ಲಿ, ನಾಲ್ಕು ವರ್ಷದ ಹೊಸ ಕರಾರು ಇನ್ನೂ ಶುರುವಾಗುವ ಮೊದಲೇ ಬ್ರೂಕ್ಲಿನ್‌ಗೆ ಟ್ರೇಡ್ ಮಾಡಿ ಅಂದ. ನನ್ನ ಪ್ರಕಾರ ಮಾತು ತಪ್ಪಿದ್ದು ಅಂದರೆ ಅದು. ಅದಕ್ಕೆ ಯಾರೂ ಕಪ್‌ಕೇಕ್ ಟೀ-ಶರ್ಟ್ ಹಾಕಲಿಲ್ಲ.

2023ರಲ್ಲಿ ಅವನು ಫೀನಿಕ್ಸ್‌ಗೆ ಹೋದ, ಅಲ್ಲೂ ಕಪ್ ಇಲ್ಲ. 2025ರ ಜೂನ್ 22ರಂದು ಅವನು ಹ್ಯೂಸ್ಟನ್‌ಗೆ ಟ್ರೇಡ್ ಆದ ಸುದ್ದಿ ಬಂತು. ಅದೇ ದಿನ ಸಂಜೆ ಒಕ್ಲಹೋಮ ಸಿಟಿ ಥಂಡರ್ ಏಳನೇ ಪಂದ್ಯದಲ್ಲಿ ಇಂಡಿಯಾನಾವನ್ನ ಸೋಲಿಸಿ ಆ ಊರಿಗೆ ಬಂದ ಮೇಲಿನ ಮೊದಲ ಕಪ್ ಎತ್ತಿತು. ಉಂಗುರ ಹಂಚುವ ಸಮಾರಂಭ ಹೊಸ ಸೀಸನ್‌ನ ಮೊದಲ ರಾತ್ರಿ, ಅಕ್ಟೋಬರ್ 21ಕ್ಕೆ. ನಮ್ಮಲ್ಲಿ ಆಗ ಮರುದಿನ ಬೆಳಗಿನ ಜಾವ. ಎದುರಾಳಿ ತಂಡ ಹ್ಯೂಸ್ಟನ್. ಉಂಗುರಗಳನ್ನ ಕೊಟ್ಟು, ಬ್ಯಾನರ್ ಏರಿಸಿ, ಆಟ ಶುರುವಾಗಿ ಎರಡು ಓವರ್‌ಟೈಮ್‌ವರೆಗೆ ಹೋಯ್ತು. ಕೊನೆಯ ಕ್ಷಣಗಳಲ್ಲಿ ಡ್ಯೂರಂಟ್ ಫೌಲ್ ಮಾಡಿ ಆಟದಿಂದಲೇ ಹೊರಹೋಗಬೇಕಾಯ್ತು. ಶಾಯ್ ಗಿಲ್ಜಸ್-ಅಲೆಕ್ಸಾಂಡರ್ ಎರಡು ಫ್ರೀ ಥ್ರೋ ಹಾಕಿದ. ಥಂಡರ್ 125, ಹ್ಯೂಸ್ಟನ್ 124.