ಮಳೆಯ ನಷ್ಟದಲ್ಲಿ ಕಲ್ಲಿದ್ದಲಿನ ಪಾಲು

2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯಲ್ಲಿ ಸುರಿದ ಮಳೆಗೆ ಕಾತ್ರಜ್ ಕಡೆಯಿಂದ ಹರಿದುಬರುವ ಅಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಸಹಕಾರನಗರ, ಅರಣ್ಯೇಶ್ವರದ ಮನೆಗಳಿಗೆ ನುಗ್ಗಿತು. ನಗರ ಮತ್ತು ಸುತ್ತಮುತ್ತ 20ಕ್ಕೂ ಹೆಚ್ಚು ಜನ ಸತ್ತರು. ಇಂಥ ಅನಾಹುತಗಳಲ್ಲಿ ಪರಿಹಾರ ಕೊಡುವುದು ಸರ್ಕಾರ, ಅಂದರೆ ತೆರಿಗೆ ಕಟ್ಟುವವರು. ಮಿಕ್ಕ ನಷ್ಟ ಮುಳುಗಿದವರ ತಲೆಗೇ. ಕಲ್ಲಿದ್ದಲು, ತೈಲ, ಅನಿಲ ಮಾರಿ ಲಾಭ ಗಳಿಸಿದ ಕಂಪನಿಗಳ ಹೆಸರು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಬರಬೇಕು ಎಂಬುದು ನನ್ನ ವಾದ. ಇಡೀ ಹೊಣೆಯಲ್ಲ, ಅವರ ಪಾಲಿನಷ್ಟು.

ಪಾಲು ಎಣಿಸುವುದು ಈಗ ಅಸಾಧ್ಯವಲ್ಲ. ಪುಣೆಯ ಪಾಷಾಣದಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950ರಿಂದ 2015ರ ಅವಧಿಯಲ್ಲಿ ಮಧ್ಯ ಭಾರತದಲ್ಲಿ ವ್ಯಾಪಕವಾಗಿ ಸುರಿಯುವ ಅತಿಮಳೆಯ ಪ್ರಸಂಗಗಳು ಮೂರು ಪಟ್ಟು ಹೆಚ್ಚಾಗಿವೆ. ಅದಕ್ಕೆ ಬೇಕಾದ ತೇವವನ್ನು ಹೊತ್ತು ತರುವುದು ಬಿಸಿಯಾಗುತ್ತಿರುವ ಅರಬ್ಬೀ ಸಮುದ್ರದ ಮೇಲಿನ ಗಾಳಿ. ಇನ್ನೊಂದು ಕೊನೆಯಿಂದ, ಅಂದರೆ ಹೊಗೆಯ ಮೂಲದ ಕಡೆಯಿಂದ, ಸಂಶೋಧಕ ರಿಚರ್ಡ್ ಹೀಡ್ 2014ರಲ್ಲಿ ಲೆಕ್ಕ ಹಾಕಿದರು: 1751ರಿಂದ 2010ರವರೆಗೆ ಉದ್ಯಮಗಳಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್‌ನಲ್ಲಿ ಶೇ. 63ರಷ್ಟಕ್ಕೆ ಕೇವಲ 90 ಉತ್ಪಾದಕರು ಮೂಲ.

ಇಂಧನ ಉರಿಸಿದವರು ನಾವು, ತೆಗೆದುಕೊಟ್ಟವರನ್ನು ದೂರುವುದೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಸ್ಕೂಟರಿಗೆ ಪೆಟ್ರೋಲ್ ಹಾಕಿಸುವವರೂ ಹೊಗೆಯಲ್ಲಿ ಪಾಲುದಾರರೇ. ಆದರೆ ಅವರಿಗೆ ತಿಳಿಯದ್ದು ಕಂಪನಿಗಳಿಗೆ ತಿಳಿದಿತ್ತು. ತೈಲ ಕಂಪನಿ ಎಕ್ಸಾನ್‌ನ ವಿಜ್ಞಾನಿಗಳು 1977ರಿಂದ ಮಾಡಿದ ತಾಪಮಾನದ ಅಂದಾಜುಗಳಲ್ಲಿ ಬಹುಪಾಲು ನಿಜವಾಗಿವೆ ಎಂದು 2023ರ ಒಂದು ಅಧ್ಯಯನ ತೋರಿಸಿತು. ಒಳಗೆ ಹಾಗೆ ಲೆಕ್ಕ ಹಾಕಿಕೊಂಡ ಕಂಪನಿ ಹೊರಗೆ ದಶಕಗಳ ಕಾಲ ಸಂಶಯ ಬಿತ್ತಿತು. ತಿಳಿದೂ ಮರೆಮಾಚಿದವರ ಹೊಣೆ, ತಿಳಿಯದೆ ಬಳಸಿದವರ ಹೊಣೆಯ ಜತೆ ಒಂದೇ ತಕ್ಕಡಿಗೆ ಬೀಳಲಾರದು.

ಹಳ್ಳದ ಪಾತ್ರವನ್ನು ಕಟ್ಟಡಗಳು ನುಂಗಿದ್ದರಿಂದಲೇ ಪ್ರವಾಹ ಬಂತಲ್ಲವೇ ಎಂದು ಕೇಳುವವರೂ ಇದ್ದಾರೆ. ಒತ್ತುವರಿ ನಿಜ, ಅದಕ್ಕೆ ಉತ್ತರಿಸಬೇಕಾದದ್ದು ಸ್ಥಳೀಯ ಆಡಳಿತ. ಆದರೆ ಒಬ್ಬರ ತಪ್ಪು ಇನ್ನೊಬ್ಬರ ತಪ್ಪನ್ನು ಅಳಿಸುವುದಿಲ್ಲ. ಪಾಲಿನಷ್ಟೇ ಕೇಳಿದ ನಿದರ್ಶನವೂ ಇದೆ: ಪೆರುವಿನ ರೈತರೊಬ್ಬರು ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇಯಿಂದ ಪ್ರವಾಹ ತಡೆಯುವ ಖರ್ಚಿನಲ್ಲಿ ಶೇ. 0.47ನ್ನು ಮಾತ್ರ ಕೇಳಿದ್ದರು. ಜಗತ್ತಿನ ಹೊಗೆಯಲ್ಲಿ ಅದರ ಪಾಲು ಅಷ್ಟೆಂದು. 2025ರ ಮೇ 28ರಂದು ಜರ್ಮನಿಯ ಹಾಮ್ ನಗರದ ನ್ಯಾಯಾಲಯ, ಅವರ ಮನೆಗಿರುವ ಅಪಾಯ ಸಾಲದೆಂದು ಮೊಕದ್ದಮೆಯನ್ನು ವಜಾ ಮಾಡಿತು. ಆದರೆ ದೊಡ್ಡ ಹೊಗೆಗಾರರನ್ನು ತತ್ವತಃ ಹೊಣೆ ಮಾಡಬಹುದು ಎಂದಿತು.

ನಮ್ಮ ನ್ಯಾಯಶಾಸ್ತ್ರ ಇದಕ್ಕೂ ಮುಂದಿದೆ. 1986ರ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪಾಯಕಾರಿ ಉದ್ಯಮ ಹಾನಿಗೆ ವಿನಾಯಿತಿಯಿಲ್ಲದೆ ಹೊಣೆ, ಉದ್ಯಮ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದು ಎಂದಿತು. ಅದು ಒಂದು ಕಾರ್ಖಾನೆಯ ಸೋರಿಕೆಯ ತೀರ್ಪು. ವಾತಾವರಣಕ್ಕೆ ಅದನ್ನು ವಿಸ್ತರಿಸುವ ಕೆಲಸ ಬಾಕಿ. ಹಾಗೆ ವಿಸ್ತರಿಸಿದರೆ ಹೀಡ್ ಪಟ್ಟಿಯಲ್ಲಿರುವ, ನಮ್ಮದೇ ಸರ್ಕಾರದ ಕೋಲ್ ಇಂಡಿಯಾ ಕೂಡ ಉತ್ತರಿಸಬೇಕಾಗುತ್ತದೆ. ವಿದೇಶಿ ಕಂಪನಿಗಳತ್ತ ಬೆರಳು ತೋರಿಸಿ ಅದನ್ನು ಬಿಟ್ಟರೆ ವಾದ ನಿಲ್ಲದು. ಈ ವಾದ ಮಂಡಿಸುವ ಜಾಗವೂ ದೂರವಿಲ್ಲ: ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪಶ್ಚಿಮ ವಲಯ ಪೀಠ ಇರುವುದು ಪುಣೆಯಲ್ಲೇ. ಕೆಡಿಸಿದವರೇ ತೆರಬೇಕೆಂಬ ತತ್ವವನ್ನು ಮಂಡಳಿ ಅನ್ವಯಿಸಲೇಬೇಕೆಂದು ಅದರ 2010ರ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಮುಳುಗಿದ ಬಡಾವಣೆಗಳ ಜನ, ವಕೀಲರು, ಪಾಷಾಣದ ಲೆಕ್ಕಗಳನ್ನು ಕೈಯಲ್ಲಿ ಹಿಡಿದು ಆ ಪೀಠದ ಬಾಗಿಲು ತಟ್ಟಲಿ.